ಶನಿಯ ಮುಖ ನೋಡಲು ತಮ್ಮ ತಂದ ದುರ್ಬೀನು

ನನ್ನ ತಮ್ಮನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವುದಿಲ್ಲ. ಕೆಡಬೇಕಾದರೆ ಮೊದಲು ಅದು ನೆಟ್ಟಗಿರಬೇಕಲ್ಲ! ಅವನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅಂಥ ಒಂದು ದಿನವೂ ನನಗೆ ನೆನಪಿಲ್ಲ.

ಅವನದು ಮುನಿರಾಬಾದಿನಲ್ಲಿ ಕಾಲುವೆಯ ನೌಕರಿ. ಕಾಲುವೆಯಲ್ಲಿ ನೀರು ಎಷ್ಟು ಅಡಿ ಹರಿಯುತ್ತಿದೆ ಎಂದು ಅಳತೆಪಟ್ಟಿ ನೋಡಿ ಬರೆಯುವುದೇ ಕೆಲಸ. ನಿವೃತ್ತನಾಗಿ ಕೊಪ್ಪಳದ ಮನೆಗೆ ಬಂದ ಮೇಲೂ ಚಟ ಬಿಡಲಿಲ್ಲ. ಬೆಳಿಗ್ಗೆ ಎದ್ದವನೇ ಹಂಡೆಯ ನೀರಿಗೆ ಕಡ್ಡಿ ಇಳಿಸುತ್ತಾನೆ. "ನಿನ್ನಿಗಿಂತ ನಾಕು ಬಟ್ಟು ಕಡಿಮಿ ಐತಿ. ಯಾರು ಬಿಟ್ಟೀರಿ ನೀರು?" ಎಂದು ಹೆಂಡತಿಯನ್ನು ವಿಚಾರಣೆ ಮಾಡುತ್ತಾನೆ. ಅವಳೂ ಕಡಿಮೆಯವಳಲ್ಲ. "ನಿನ್ನಿ ನೀವು ಜಳಕ ಮಾಡೀರಿ, ಅಪರೂಪಕ್ಕ. ಬರದುಕೊಳ್ರಿ," ಎನ್ನುತ್ತಾಳೆ.

ಇಂಥವನು ಮನೆಯಲ್ಲಿ ಒಂದು ಕಾಯಿದೆ ಮಾಡಿದ್ದಾನೆ. ಯಾರು ಯಾರನ್ನು ಬೇಕಾದರೂ ಬೈಯಬಹುದು. ಕತ್ತೆ, ಕೋಣ, ಹಾಳಾದವನು, ಎಲ್ಲಕ್ಕೂ ಪರವಾನಿಗೆ ಇದೆ. 'ಶನಿ' ಎಂದು ಮಾತ್ರ ಅನ್ನುವಂತಿಲ್ಲ! ಒಮ್ಮೆ ತರಕಾರಿ ಗಾಡಿಯವನು ನಮ್ಮ ಬಾಗಿಲ ಮುಂದೆಯೇ ಪಂಕ್ಚರ್ ಆದ ಗಾಲಿಯನ್ನು ಒದ್ದು "ಥೂ, ಶನಿ!" ಎಂದ. ನನ್ನ ತಮ್ಮ ಬರಿಗಾಲಲ್ಲಿ ಹೊರಗೆ ಓಡಿದ.

"ಗಾಲಿಗೆ ಮತ್ತೇನಾರ ಅನ್ನು. ಆ ಮಾತು ಅನ್ನಬ್ಯಾಡ."

"ಯಾಕ್ರಿ ಯಪ್ಪಾ, ಶನಿ ನಿಮ್ಮ ಬೀಗನೇನು?" ಎಂದ ಗಾಡಿಯವನು.

ಈ ಕಾಯಿದೆಗೆ ಕಾರಣ ನಾನು. ಹೇಳಿಬಿಡುತ್ತೇನೆ, ಇದರಲ್ಲಿ ಅಳುವಂಥದ್ದೇನಿಲ್ಲ. ಮದುವೆಯಾದ ಏಳನೇ ತಿಂಗಳಿಗೆ ನನ್ನ ಗಂಡ ಹೊಲದಲ್ಲಿ ಹಾವು ಕಡಿದು ಸತ್ತ. ಹಾವಿಗೆ ಯಾರೂ ಏನೂ ಅನ್ನಲಿಲ್ಲ. ನನಗೆ ಗಂಡನ ಮನೆಯವರು ಶನಿ ಎಂದರು. ಆಮೇಲೆ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು. "ಶನೀ, ನೀರು ತಾ." "ಶನೀ, ಕಸ ಹೊಡಿ." ನಾನೂ ಓಗೊಡುತ್ತಿದ್ದೆ. ಓಗೊಡದಿದ್ದರೆ ಊಟಕ್ಕೆ ಯಾರು ಕರೆಯಬೇಕು? ಆಗಿನ್ನೂ ಮೀಸೆ ಮೂಡದ ಇವನು ಒಂದು ದಿನ ಬಂದು, ಅಂಗಳದಲ್ಲಿ ನಿಂತು ಆ ಕೂಗು ಕೇಳಿದ. ನನ್ನ ಟ್ರಂಕು ಹೊತ್ತು ನಡೆದ. ನಾನು ಟ್ರಂಕಿನ ಹಿಂದೆ ನಡೆದೆ. ಅಂದಿನಿಂದ ಅವನ ಜೊತೆಯಲ್ಲೇ ಇದ್ದೇನೆ.

ಅವನ ಕಾಯಿದೆ ಅವನಿಗೆ, ನನ್ನ ಭಯ ನನಗೆ. ಪ್ರತಿ ಶನಿವಾರ ಹನುಮಪ್ಪನ ಗುಡಿಗೆ ಹೋಗಿ ಎಳ್ಳೆಣ್ಣೆಯ ದೀಪ ಹಚ್ಚುತ್ತೇನೆ. ಹಚ್ಚಿ, 'ಶನಿದೇವರೇ, ನಮ್ಮ ಮನೆಯ ಕಡೆ ನೋಡಬೇಡಪ್ಪ' ಎಂದು ಹೇಳಿ ಬರುತ್ತೇನೆ. ಹಾಗೆ ಒಂದು ಶನಿವಾರ ಬಂದಾಗ ಇವನು ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿದ್ದ.

"ಅಕ್ಕಾ, ಇಷ್ಟು ವರ್ಷ ಎಣ್ಣಿ ಸುರದೀದಿ. ಆ ಗಿರಾಕಿಯ ಮಾರಿ ಒಮ್ಮಿಯಾದ್ರೂ ನೋಡೀಯೇನು?"

"ನಾ ಯಾಕ ನೋಡ್ಲಿ? ಅವ ನನ್ನ ನೋಡಿದ್ದ ಸಾಕಾಗೇತಿ."

"ನೋಡಬೇಕು. ನಾ ತೋರಸ್ತೀನಿ."

"ತೋರಸ್ತೀನಿ ಅಂದ್ರ? ಅವ ಏನು ತಹಸೀಲ್ದಾರ ಕಚೇರ್ಯಾಗ ಕುಂತಾನೇನು?"

ಶುರುವಾಯಿತು! ಎರಡು ತಿಂಗಳು ಆ ಮೊಬೈಲಿನಲ್ಲಿ ದುರ್ಬೀನುಗಳದೇ ವಿಡಿಯೋ. ಗಿಡ್ಡನೆಯದು, ಉದ್ದನೆಯದು, ಕನ್ನಡಿಯದು, ಗಾಜಿನದು. ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ವಿಚಾರ ಮಾಡಿರಲಿಲ್ಲ. ಆಗ ಚಹಾ ಕುಡಿದು ಹೂಂ ಅಂದು ಬಂದಿದ್ದ. ಈಗ ಉಣ್ಣುವಾಗ ತಟ್ಟೆ ಸರಿಸಿ ಪಾಠ ಹೇಳುತ್ತಿದ್ದ.

"ಐದುನೂರು ಪಟ್ಟು ದೊಡ್ಡದು ಮಾಡಿ ತೋರಸ್ತೀವಿ ಅನ್ನಾವ್ರನ ನಂಬಬಾರದು. ದೊಡ್ಡದು ಮಾಡಿದ್ರ ಏನು ಬಂತು, ಮಂಜು ಮಂಜು ಕಂಡ್ರ? ಕಾಲುವಿ ತೂಬು ಇದ್ದಂಗ ಇದು. ತೂಬಿನ ಬಾಯಿ ಎಷ್ಟು ಅಗಲ ಇರ್ತೈತಿ, ಅಷ್ಟು ನೀರು. ದುರ್ಬೀನಿನ ಬಾಯಿ ಎಷ್ಟು ಅಗಲ ಇರ್ತೈತಿ, ಅಷ್ಟು ಬೆಳಕು. ಬಾಯಿ ಅಗಲ ಇರಬೇಕು!"

"ಬಾಯಿ ನಿಮ್ಮದ ಅಗಲ ಐತಲ್ರಿ," ಎಂದಳು ಅವನ ಹೆಂಡತಿ. "ಅದರಾಗ ನೋಡಿದ್ರ ಆಗಂಗಿಲ್ಲೇನು?"

ಕೊನೆಗೆ ಅವನು ಆರಿಸಿದ್ದು ಕಂಪ್ಯೂಟರ್ ಇರುವ ದುರ್ಬೀನು. ಅದಕ್ಕೆ ಕೈಯಲ್ಲಿ ಹಿಡಿಯುವ ಒಂದು ರಿಮೋಟು. ನಾವು ಎಲ್ಲಿದ್ದೇವೆ, ಈಗ ಗಂಟೆ ಎಷ್ಟು ಎಂದು ತಿಳಿಸಿ, ಎರಡು ಚುಕ್ಕಿಗಳ ಗುರುತು ಹಿಡಿದುಕೊಟ್ಟರೆ ಸಾಕು. ಮುಂದೆ ಯಾವ ಗ್ರಹದ ಹೆಸರು ಒತ್ತಿದರೂ ತಾನೇ ತಿರುಗಿ ಹುಡುಕುತ್ತದಂತೆ, ಅದು ಸರಿದಂತೆಲ್ಲ ತಾನೂ ಸರಿಯುತ್ತದಂತೆ. "ಹೊಸದಾಗಿ ಕಲಿಯಾವ್ರಿಗೆ ಇದ ಚಲೋ. ಆಕಾಶ ಗೊತ್ತಿಲ್ಲದಿದ್ರೂ ನಡೀತೈತಿ," ಎಂದ. ಆ ಮಾತನ್ನು ಅವನು ಆಮೇಲೆ ನುಂಗಬೇಕಾಯಿತು, ಅದು ಬೇರೆ ಮಾತು.

ಪೆಟ್ಟಿಗೆ ಬಂದಾಗ ಸಂಕ್ರಮಣ ಮುಗಿದಿತ್ತು. ಮೊಬೈಲಿನ ಪ್ರಕಾರ ಶನಿ ದಿನದಿನಕ್ಕೆ ಪಡುವಣಕ್ಕೆ ಇಳಿಯುತ್ತಿದ್ದಾನೆ, ಇನ್ನೊಂದು ವಾರಕ್ಕೆ ಪಕ್ಕದ ಮನೆಯ ನೀರಿನ ಟಾಕಿಯ ಹಿಂದೆ ಹೋಗುತ್ತಾನೆ, ಆಮೇಲೆ ಮಳೆಗಾಲ ದಾಟುವವರೆಗೆ ಸಂಜೆಯ ಹೊತ್ತು ಸಿಗುವುದಿಲ್ಲ ಎಂದು ಇವನಿಗೆ ತಳಮಳ.

"ಅಲ್ಲೀತನಕ ನಾ ಇರ್ತೀನೋ ಇಲ್ಲೋ, ಅಕ್ಕಾ."

"ನೀ ಇರ್ತೀ ಬಿಡು. ಪಾಪಿ ಚಿರಾಯು."

"ನೀ?"

ಎಪ್ಪತ್ತು ದಾಟಿದವಳನ್ನು ಹೀಗೆ ಮುಖದ ಮೇಲೆ ಕೇಳುವುದೇ? "ನಾ ಇರಲಿ, ಸಾಯಲಿ, ನೋಡಂಗಿಲ್ಲ," ಎಂದೆ.

ಬೆಳಕಿರುವಾಗ ಮೊದಲ ಪರೀಕ್ಷೆ. ಹಿತ್ತಲಲ್ಲಿ ಮುಕ್ಕಾಲಿ ನಿಲ್ಲಿಸಿ, ಗೌಂಡಿಗಳ ರಸಮಟ್ಟ ಇಟ್ಟು, ಅರ್ಧ ತಾಸು ಮಟ್ಟ ಮಾಡಿ, ದೂರದ ಮಾಳಿಗೆಯ ಮೇಲಿದ್ದ ಒಂದು ಆಡನ್ನು ದುರ್ಬೀನಿನಲ್ಲಿ ಹಿಡಿದ. ಹೆಂಡತಿಯನ್ನು ಕರೆದು ತೋರಿಸಿದ. ಆಡಿನ ಕಾಲು ಮೇಲೆ, ಕೊಂಬು ಕೆಳಗೆ!

"ಈ ದುರ್ಬೀನಿನ್ಯಾಗ ಎಲ್ಲಾ ಹಂಗ ಕಾಣೋದು. ಆಕಾಶದಾಗ ಮ್ಯಾಲ ಕೆಳಗ ಅಂತ ಇರಂಗಿಲ್ಲ," ಎಂದು ಸಮಜಾಯಿಷಿ ಕೊಟ್ಟ.

"ತಲಿಕೆಳಗ ಆದದ್ದು ನೋಡಾಕ ಇಷ್ಟು ದೊಡ್ಡ ಕೊಳವಿ ಯಾಕ ಬೇಕ್ರಿ? ಮನ್ಯಾಗ ನೀವ ಅದೀರಲ್ಲ!"

ಸಂಜೆ ದೀಪ ಹಚ್ಚಿದ ಮೇಲೆ ನಿಜವಾದ ಕೆಲಸ. ಪಕ್ಕದ ಮನೆಯ ಚಾಚಾ ಬಂದರು. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು; ಈಗ ಊರಲ್ಲಿ ಗಡಿಯಾರ ಕಟ್ಟುವವರೇ ಇಲ್ಲ, ಹಾಗಾಗಿ ಅವರ ಬಳಿ ಸಮಯ ಬೇಕಾದಷ್ಟಿದೆ. ಯಂತ್ರಕ್ಕೆ ಕಿವಿ ಹಚ್ಚಿ, "ಒಳಗ ಹಲ್ಲಿನ ಗಾಲಿ ಚಲೋ ಅದಾವ್ರಿ. ಗಡಿಯಾರ ಇದ್ದಂಗ. ಆದ್ರ ಇದು ಟೈಮ್ ಹೇಳಂಗಿಲ್ಲ, ತಿಂತೈತಿ," ಎಂದರು.

ರಿಮೋಟು ಮೊದಲು ಊರು ಕೇಳಿತು. ಅದರ ಪಟ್ಟಿಯಲ್ಲಿ ಕೊಪ್ಪಳ ಇಲ್ಲ, ಗಂಗಾವತಿ ಇಲ್ಲ. ಹತ್ತಿರದ ದೊಡ್ಡ ಊರು ಒತ್ತಿ ಎಂದಿತು. ಹತ್ತಿರಕ್ಕೆ ಕಂಡದ್ದು ಹೈದರಾಬಾದು.

"ಒತ್ತಿಬಿಡ್ರಿ ಸಾಹೇಬ್ರ," ಎಂದರು ಚಾಚಾ.

ತಮ್ಮ ಕೈ ಹಿಂದಕ್ಕೆ ತೆಗೆದ. "ನಿಜಾಮನ ಕೈಯಾಗಿಂದ ಪಾರಾಗಾಕ ನಮ್ಮಪ್ಪನ ಕಾಲದವ್ರು ಎಷ್ಟು ಬಡದಾಡ್ಯಾರ. ಈಗ ನಾನ ಬಟನ್ ಒತ್ತಿ ಕೊಪ್ಪಳಾನ ವಾಪಸ್ ಹೈದರಾಬಾದಿಗೆ ಸೇರಸ್ಲೇನು?"

"ಅರೇ, ಯಂತ್ರಕ್ಕ ನಿಜಾಮ ಯಾರು ಅಂತ ಗೊತ್ತಿಲ್ರಿ!"

"ನನಗ ಗೊತ್ತೈತಲ್ಲ!"

ಆಗಲಿಲ್ಲ. ಊರು ಬಿಟ್ಟು ಅಕ್ಷಾಂಶ, ರೇಖಾಂಶದ ಅಂಕಿ ತಾನೇ ತುಂಬಿದ. ಉತ್ತರಕ್ಕೆ ಹದಿನೈದು, ಮೂಡಲಿಗೆ ಎಪ್ಪತ್ತಾರು ಎಂದು ಬರೆಯಬೇಕಿತ್ತಂತೆ. ಇವನು ಹಿಂದು ಮುಂದು ಮಾಡಿ ಬರೆದ. ಯಂತ್ರದ ತಿಳಿವಳಿಕೆಯಲ್ಲಿ ನಮ್ಮ ಹಿತ್ತಲು ಹಿಮ ಬೀಳುವ ಸೀಮೆಗೆ ಹೋಗಿಬಿಟ್ಟಿತು. ನಾವು ಮಾತ್ರ ಇಲ್ಲೇ ಸೊಳ್ಳೆ ಹೊಡೆದುಕೊಳ್ಳುತ್ತ ನಿಂತಿದ್ದೆವು. ಚುಕ್ಕಿಗಳ ಗುರುತಿಗೂ ಕಾಯದೆ ಇವನು ಶನಿಯ ಹೆಸರು ಒತ್ತಿದ. ಕೊಳವೆ ಗುಂಯ್ ಎಂದು ತಿರುಗಿತು. ಆಕಾಶ ಬಿಟ್ಟಿತು, ಬೇವಿನ ಮರ ಬಿಟ್ಟಿತು, ಗೋಡೆ ಬಿಟ್ಟಿತು. ಸುತ್ತಿ ಸುತ್ತಿ ಬಂದು ನನ್ನ ತಮ್ಮನ ಹೊಟ್ಟೆಗೆ ನೇರವಾಗಿ ನಿಂತಿತು!

ಅವನ ಹೆಂಡತಿ ಕೈ ಮುಗಿದಳು. "ಆ ಹೆಸರು ನಾ ಎತ್ತಂಗಿಲ್ರಿ, ಎತ್ತಬಾರದು ಅಂತ ನೀವ ಕಾಯಿದೆ ಮಾಡೀರಿ. ಯಂತ್ರ ತಾನಾಗಿ ತೋರಿಸಿದ್ರ ನಾ ಏನ್ ಮಾಡ್ಲಿ?"

ಮರುದಿನ ಚಾಚಾ ಅಂಕಿ ತಿದ್ದಿಸಿದರು. ಇನ್ನು ಎರಡು ಚುಕ್ಕಿಗಳ ಗುರುತು ಹಿಡಿದುಕೊಡಬೇಕು. ಒಂದು ಸಿಕ್ಕಿತು. ಎರಡನೆಯದಕ್ಕೆ ಯಂತ್ರ ಯಾವುದೋ ಹೆಸರು ಹೇಳುತ್ತದೆ, ಇವನು ನೆತ್ತಿಯ ಹತ್ತಿರ ಎಲ್ಲಕ್ಕಿಂತ ಢಾಳಾಗಿ ಹೊಳೆಯುವುದನ್ನು ಹಿಡಿದು ಕೊಡುತ್ತಾನೆ, ಯಂತ್ರ 'ಅಲ್ಲ' ಎನ್ನುತ್ತದೆ. ಮತ್ತೆ ಹಿಡಿಯುತ್ತಾನೆ, ಮತ್ತೆ 'ಅಲ್ಲ'. ಹೀಗೆ ನಾಲ್ಕು ಸಂಜೆ! ಪಡುವಣದಲ್ಲಿ ಶನಿ ಟಾಕಿಯ ಅಂಚಿಗೆ ಬಂದು ನಿಂತ. ಐದನೆಯ ಸಂಜೆ ಇವನು ಹಂಡೆಗೆ ಕಡ್ಡಿ ಇಳಿಸುವುದನ್ನೂ ಮರೆತಿದ್ದ. ಬೈದರೆ ಬೈಸಿಕೊಂಡ. ಅದನ್ನು ನೋಡಿ ನನಗೇ ಒಂದು ನಮೂನೆ ಆಯಿತು.

ನಾನು ಒಗೆಯುವ ಕಲ್ಲಿನ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದೆ. ಚಾಚಾ ಕನ್ನಡಕ ಏರಿಸಿ ರಿಮೋಟಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಅಲ್-ದ-ಬ-ರಾನ್. ಅರೇ, ಇದು ಇಂಗ್ಲಿಷ್ ಅಲ್ರಿ, ಅರಬ್ಬಿ ಮಾತು! ನಮ್ಮ ಉಸ್ತಾದ್ರು ಹೇಳ್ತಿದ್ರು. ಹಿಂದಿಂದ ಬರಾವ, ಅಂತ ಅರ್ಥ."

"ಯಾರ ಹಿಂದಿಂದ?" ಎಂದೆ ನಾನು.

"ಅದು ಗೊತ್ತಿಲ್ಲ ಆಪಾ," ಎಂದರು. ಅವರಿಗೂ ನಾನು ಅಕ್ಕನೇ.

ಹಿಂದಿನಿಂದ ಬರುವುದು. ನಮ್ಮಪ್ಪ ನನಗೆ ಅಕ್ಷರ ಕಲಿಸದಿದ್ದರೂ ಮಳೆಗಳ ಸಾಲು ಬಾಯಿಪಾಠ ಮಾಡಿಸಿದ್ದ. ಕೃತ್ತಿಕಾ, ಅದರ ಹಿಂದೆ ರೋಹಿಣಿ, ಅದರ ಹಿಂದೆ ಮೃಗಶಿರಾ. ಮಾಳಿಗೆಯ ಮೇಲೆ ಮಲಗಿಸಿಕೊಂಡು ಆ ಚುಕ್ಕಿಗಳನ್ನೂ ತೋರಿಸುತ್ತಿದ್ದ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎನ್ನುತ್ತಿದ್ದ. ತಮ್ಮ ಆಗ ಕೂಸು, ಅಲ್ಲೇ ಗೊರಕೆ ಹೊಡೆಯುತ್ತಿತ್ತು.

ಪಲ್ಲೆ ಬದಿಗಿಟ್ಟು ತಲೆ ಎತ್ತಿದೆ. "ತಮ್ಮಾ, ಅಲ್ಲಿ ನೋಡು. ಹಿಡಿ ಅಕ್ಕಿ ತೂರಿದಂಗ ಸಣ್ಣನ ಗೊಂಚಲ ಐತಲ್ಲ, ಅದು ಕೃತ್ತಿಕಾ. ಅದರ ಹಿಂದ ಕೆಂಪಗ ಮಿಣಿಮಿಣಿ ಅನ್ನಾಕತ್ತೈತಲ್ಲ, ಅದು ರೋಹಿಣಿ. ಅರಬ್ಬರು ಹಿಂದಿಂದ ಬರಾವ ಅಂದದ್ದು ಅದಕ್ಕ ಇರಬೇಕು. ನೀ ನಾಕು ದಿನ ಹಿಡದದ್ದು ಅದರ ಮಗ್ಗಲದ್ದು. ಅದು ಮಿಣುಕೋದ ಇಲ್ಲ, ಕಣ್ಣು ಬಿಟ್ಕೊಂಡು ನೋಡ್ತೈತಿ. ಅದು ಚಿಕ್ಕಿ ಅಲ್ಲೋ, ಗುರು ಗ್ರಹ!"

ತಮ್ಮನ ಬಾಯಿ ದುರ್ಬೀನಿಗಿಂತ ಅಗಲವಾಯಿತು. "ನಾಕು ದಿನದಿಂದ ಇಲ್ಲೇ ಕುಂತೀದಿ. ಮೊದಲ ಹೇಳಬಾರದಿತ್ತೇನು?"

"ನೀ ಇಂಗ್ಲಿಷಿನ್ಯಾಗ ಹುಡುಕಾಕತ್ತಿದ್ದಿ."

ರೋಹಿಣಿಯನ್ನು ಹಿಡಿದು ಗುಂಡಿ ಒತ್ತಿದ. ಯಂತ್ರ ಈ ಸಲ ಒಪ್ಪಿತು. ಶನಿಯ ಹೆಸರು ಒತ್ತಿದ. ಕೊಳವೆ ಗುಂಯ್ ಎಂದು ಪಡುವಣಕ್ಕೆ ತಿರುಗಿ, ಟಾಕಿಯ ಅಂಚಿನ ಮೇಲೆ ನಿಂತಿತು. ಇವನು ಬಗ್ಗಿ ಕಣ್ಣಿಟ್ಟ. ತಲೆ ಎತ್ತದೆಯೇ ನನ್ನ ಕಡೆ ಕೈ ಬೀಸಿದ.

"ಅಕ್ಕಾ, ಬಾ."

"ನಾ ಒಲ್ಲೆ." ಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೊರಟೆ.

ಚಾಚಾ ಮುಂದೆ ಬಂದರು, ಅವನು ಬಿಡಲಿಲ್ಲ. ಹೆಂಡತಿ ಬಂದಳು, ಅವಳನ್ನೂ ಬಿಡಲಿಲ್ಲ. "ಮೊದಲ ನಮ್ಮಕ್ಕ," ಎಂದು ಕೈ ಅಗಲಿಸಿ ಅಡ್ಡ ನಿಂತ.

"ಆಪಾ, ಲಗೂ ನೋಡ್ರಿ. ನಿಮ್ಮಿಂದ ನಮ್ಮ ಪಾಳಿ ಬರವಲ್ದು," ಎಂದರು ಚಾಚಾ.

"ನೋಡಿಬಿಡ್ರಿ ಅಕ್ಕಾರ," ಎಂದಳು ಅವಳು. "ನೀವು ನೋಡದಿದ್ರ ಇವ್ರು ಉಣ್ಣೋದು ಬಿಡ್ತಾರ. ಉಣ್ಣೋದು ಬಿಟ್ರ ಬಿಡ್ಲಿ, ಮಾತು ಬಿಡಂಗಿಲ್ಲಲ್ರಿ!"

ತಮ್ಮ ಟಾಕಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಿದ್ದ. ಹೊತ್ತು ಜಾರುತ್ತಿತ್ತು.

ಹೋದೆ. ಬಗ್ಗಿದೆ. "ಕರ್ರಗ ಕೂದಲಾ ಕಾಣ್ತಾವ," ಎಂದೆ.

"ಅವು ನಿನ್ನ ರೆಪ್ಪಿ. ಕಣ್ಣು ಅಗಲ ತಗಿ."

ತೆಗೆದೆ. ಕಪ್ಪು ಕಂಬಳಿಯ ಮೇಲೆ ಇಟ್ಟ ಹಾಗೆ ಒಂದು ಸಣ್ಣ ಕಾಳು. ಹಾಲುಗಟ್ಟಿದ ಎಳೆ ಜೋಳದ ಸೀತನಿಯ ಬಣ್ಣ. ಅದರ ನಡುವಿಗೆ ತೆಳ್ಳಗೆ ಒಂದು ಗೆರೆ, ಸೂಜಿ ಪೋಣಿಸಿದ ಹಾಗೆ. ಅದು ಸುತ್ತಲೂ ಇರುವ ಬಳೆಯಂತೆ, ಈ ವರ್ಷ ನಮಗೆ ಅಂಚಷ್ಟೇ ಕಾಣುತ್ತದಂತೆ. ಅಲುಗುತ್ತಿರಲಿಲ್ಲ. ಯಾರ ಮೇಲೂ ಸಿಟ್ಟಿದ್ದ ಹಾಗೂ ಕಾಣಲಿಲ್ಲ. ಅಷ್ಟು ದೂರದ ಕತ್ತಲೆಯಲ್ಲಿ ತನ್ನಷ್ಟಕ್ಕೆ ತಾನು, ತೊಳೆದಿಟ್ಟ ಹಾಗೆ ಇತ್ತು.

"ಇದ ಏನು ಅದು?"

"ಅದ, ಅಕ್ಕಾ."

"ಅವ್ರು ನನಗ ಅಂದದ್ದು ಇದನ್ನ?"

"ಹೂಂ. ಇದನ್ನ."

ಇನ್ನಷ್ಟು ಹೊತ್ತು ನೋಡಿದೆ.

"ಹಂಗಿದ್ರ ಅದು ಬೈಗಳ ಅಲ್ಲೋ ತಮ್ಮಾ."

ಅವನು ಬೇವಿನ ಮರದ ಕಡೆ ಮುಖ ಮಾಡಿ, ಕನ್ನಡಕ ತೆಗೆದು ಲುಂಗಿಯ ಚುಂಗಿನಲ್ಲಿ ಒರೆಸುತ್ತಿದ್ದ. ಎಷ್ಟು ಒರೆಸಿದರೂ ಮುಗಿಯಲಿಲ್ಲ. ಚಾಚಾ ಹಿಂದಿನಿಂದ ಮೆಲ್ಲಗೆ ಕೆಮ್ಮಿದರು.

"ಆಪಾ, ಇನ್ನ ನಮ್ಮ ಪಾಳಿ ಅಲ್ರಿ?"

"ತಡೀರಿ," ಎಂದೆ. "ನಾ ಇನ್ನೂ ನೋಡಾಕತ್ತೀನಿ."