ರಾಗಿ ನಷ್ಟದ ಪಟ್ಟಿಗೆ ಇಲಿಯ ಸಹಿ ಪಡೆಯುವ ಬಗ್ಗೆ

ಸಂಖ್ಯೆ: ಧಾ.ನ. 417/ಇಲಿ/1916-17
ಕ್ಯಾಂಪು: ಕ್ಲೋಸ್‌ಪೇಟೆ, ತಾ. 17ನೇ ಜುಲೈ 1916

ವಿಷಯ: ಕೊಯ್ಲಾದ ಮೇಲೆ ಹಾಳಾಗುವ ರಾಗಿಯ ಪಟ್ಟಿಗೆ ಇಲಿಯಿಂದ ಸಹಿ ಮಾಡಿಸುವುದು.

ಉಲ್ಲೇಖ: ಈ ಕಚೇರಿಯ ಹಿಂದಿನ ಸುತ್ತೋಲೆ (ಇಲಿ ತಿಂದಿರುವುದರಿಂದ ಲಭ್ಯವಿಲ್ಲ).

ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ಸೀಮೆಯ ರೈತರು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ರಾಗಿ ಎಷ್ಟು ಹಾಳಾಗುತ್ತದೆಂದು ತಿಳಿಯಲು, ಹಗೇವುಗಳ ಬಾಯಿಗಲ್ಲು ತೆಗೆಸಿ, ಗೋಣಿ ಮುಚ್ಚಿ, ಅರಗಿನ ಮೊಹರು ಹಾಕಲಾಗಿದೆ. ಪಟ್ಟಿ ಭರ್ತಿಯಾಗುವವರೆಗೆ ಮೊಹರು ಮುಟ್ಟಕೂಡದು. ಪಟ್ಟಿಯ ಕೊನೆಯಲ್ಲಿ 'ಇಲಿ ಸಹಿ ಮಾಡತಕ್ಕದ್ದು' ಎಂದು ಅಚ್ಚಾಗಿದೆ. ಅದು 'ಇಲ್ಲಿ' ಎಂದಿರಬೇಕಿತ್ತು, ಒತ್ತಕ್ಷರ ಬಿಟ್ಟುಹೋಗಿದೆ ಎಂದು ಕೆಲವು ಗುಮಾಸ್ತರು ಆಡಿಕೊಳ್ಳುತ್ತಿರುವುದು ಕಂಡುಬಂದಿದೆ. ಹಗೇವಿಗೊಂದರಂತೆ ಅಚ್ಚಾದ ನಾಲ್ಕು ಸಾವಿರ ಪ್ರತಿಗಳಲ್ಲಿ ಒಂದರಲ್ಲೂ ಒತ್ತಿಲ್ಲದಿರುವುದರಿಂದ ಇದು ತಪ್ಪಲ್ಲ, ಇಲಾಖೆಯ ಅಭಿಪ್ರಾಯವೆಂದು ತೀರ್ಮಾನಿಸಿ ಈ ಮೂಲಕ ಸೂಚಿಸಲಾಗಿದೆ:

1. ರಾಗಿ ತಿಂದವರೇ ಸಹಿ ಮಾಡುವುದು ನ್ಯಾಯ.

2. ಅಕ್ಷರ ಬಾರದ ಇಲಿಗೆ ಶಾನುಭೋಗರು ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿ, ಎಡ ಮುಂಗಾಲಿನ ಹೆಬ್ಬೆಟ್ಟು ಒತ್ತಿಸಿಕೊಳ್ಳತಕ್ಕದ್ದು. ಇಲಿಯು ನಡುವೆ ಓಡಿಹೋದಲ್ಲಿ ಮೊದಲಿನಿಂದ ಓದತಕ್ಕದ್ದು.

3. ಹೆದರಿಸಿ ಪಡೆದ ಸಹಿ ಊರ್ಜಿತವಲ್ಲ. ಮಾಗಡಿಯಲ್ಲಿ ಮೇಜಿನ ಕಾಲಿಗೆ ಬೆಕ್ಕು ಕಟ್ಟಿದ್ದುದು ವಿಷಾದನೀಯ.

4. ಒಂದೇ ಬಿಲದಲ್ಲಿ ಹಲವು ಇಲಿಗಳಿದ್ದರೆ ಅವಿಭಕ್ತ ಕುಟುಂಬವೆಂದು ಭಾವಿಸಿ ಯಜಮಾನ ಇಲಿಯ ಸಹಿ ಸಾಕು. ಪಾಲಾಗಿದ್ದರೆ ಪಾಲುಪತ್ರದ ನಕಲು ಲಗತ್ತಿಸತಕ್ಕದ್ದು. ಕಾನಕಾನಹಳ್ಳಿಯಿಂದ ಬಂದ ಹೆಗ್ಗಣದ ಸಹಿಯನ್ನು, ದರ್ಜೆ ಬೇರೆಯಾದ್ದರಿಂದ, ಹಿಂದಿರುಗಿಸಲಾಗಿದೆ.

5. ಮಳೆನೀರಿನಿಂದ ಕೊಳೆತ ರಾಗಿಯು ನಷ್ಟವಲ್ಲ. ಪಟ್ಟಿಯಲ್ಲಿ ಮಳೆಯ ಸಹಿಗೆ ಜಾಗವಿಲ್ಲ.

6. ವಿರೂಪಾಕ್ಷಿಪುರದ ಅಂಕಮ್ಮ ಎಂಬ ರೈತ ಹೆಂಗಸು ಕಚೇರಿ ಬಾಗಿಲಲ್ಲಿ ನಿಂತು ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ನಮ್ಮ ಹಗೇವಲ್ಲಿ ಇಲೀನೇ ಇಲ್ವಲ್ಲ ಬುದ್ದಿ! ಕಲ್ಲು ತೆಗ್ದು ಗೋಣಿ ಮುಚ್ಚಿ ಹೊಂಟೋದ್ರಿ, ನೀರು ನುಗ್ತಾ ಐತೆ. ಹನ್ನೆರಡು ಖಂಡುಗ ರಾಗಿ ಕೊಳ್ತೋದ್ರೆ ನನ್ ಮಕ್ಳು ಮೊಮ್ಮಕ್ಳು ಸುಗ್ಗಿಗಂಟ ಏನ್ ತಿನ್ನಬೇಕು? ಇಲೀನೇ ಬೇಕಂದ್ರೆ ನಿಮ್ ಕಚೇರೀಲೇ ಒಸಿ ಹುಡುಕ್ರಿ." ರಾಗಿ ತಿಂದವರೇ ಸಹಿ ಮಾಡತಕ್ಕದ್ದು, ಕಚೇರಿಯ ಇಲಿಗಳು ರಾಗಿ ತಿನ್ನುವುದಿಲ್ಲ, ಕಾಗದ ಮಾತ್ರ ತಿನ್ನುತ್ತವೆ ಎಂದು ಆಕೆಗೆ ತಿಳುವಳಿಕೆ ನೀಡಲಾಯಿತು.

7. ಮಾರನೆಯ ದಿನವೇ ಸದರಿ ಅಂಕಮ್ಮ ಕುಡುಗೋಲಿನಿಂದ ಮೊಹರು ಕಿತ್ತು, ಒಂಬತ್ತು ಖಂಡುಗ ಒಣರಾಗಿಯನ್ನು ಮೇಲೆತ್ತಿಸಿದ್ದಾಳೆ. ಮಹಜರಿಗೆ ಹೋದ ಹೋಬಳಿ ಶೇಕದಾರ ರುದ್ರಯ್ಯನವರಿಗೆ ಅದೇ ರಾಗಿಯ ಎರಡು ಮುದ್ದೆ, ಹುರುಳಿ ಸಾರು ಬಡಿಸಲಾಗಿದೆ. ಅವರು ಕೈ ತೊಳೆಯುವ ಮುನ್ನ ಆಕೆ ಪಟ್ಟಿಯನ್ನು ಮುಂದಿಟ್ಟು, "ತಿಂದೋರೇ ಸಹಿ ಹಾಕ್ಬೇಕಂತಲ್ಲ, ಹಾಕಿ ಬುದ್ದಿ. ಮುದ್ದೆ ಗಂಟಲಿಂದ ಕೆಳೀಕೆ ಇಳಿದೈತೆ, ಇಲ್ಲ ಅನ್ನಂಗಿಲ್ಲ," ಎಂದಿದ್ದಾಳೆ. ರುದ್ರಯ್ಯನವರು ಇಲಿಯ ಜಾಗದಲ್ಲಿ ಸಹಿ ಮಾಡಿದ್ದಾರೆ.

8. ಇಲಾಖೆಗೆ ಈವರೆಗೆ ಬಂದ ಪಟ್ಟಿಗಳ ಪೈಕಿ ಇದೊಂದೇ ಪೂರ್ಣವಾಗಿದೆ. ಆದ್ದರಿಂದ ಇದನ್ನು ಅಂಗೀಕರಿಸಿ, ಅಂಕಮ್ಮನ ರಾಗಿಯನ್ನು ಆಕೆಗೇ ಬಿಡಲಾಗಿದೆ. ಕೊಳೆತದ್ದಾದರೂ ಇಲಿಯ ಸಹಿ ಇರುವುದರಿಂದ, ಮೂರು ಖಂಡುಗ ಮತ್ತು ಎರಡು ಮುದ್ದೆ ನಷ್ಟವೆಂದು ನಮೂದಿಸಲಾಗಿದೆ.

9. ಸದ್ಯಕ್ಕೆ ದಾಖಲೆಯಲ್ಲಿರುವ ಇಲಿ ರುದ್ರಯ್ಯನವರೊಬ್ಬರೇ. ಆದಕಾರಣ ಅವರು ಮಿಕ್ಕ 3,999 ಹಗೇವುಗಳಿಗೂ ಖುದ್ದಾಗಿ ತೆರಳಿ, ಪ್ರತಿಯೊಂದರ ರಾಗಿಯಲ್ಲೂ ಎರಡು ಮುದ್ದೆ ಉಂಡು, ಸಹಿ ಮಾಡಿ, ಮೊಹರು ತೆಗೆಯತಕ್ಕದ್ದು. ಮಳೆ ಜೋರಾಗಿರುವುದರಿಂದ ಬೇಗ ಬೇಗ ಉಣ್ಣತಕ್ಕದ್ದು. ಇಲಿಗಳಿಗೆ ಪ್ರಯಾಣ ಭತ್ಯೆ ಸಲ್ಲುವುದಿಲ್ಲ.

(ಸಹಿ ಓದಲಾಗುತ್ತಿಲ್ಲ)
ಮುಖ್ಯಾಧಿಕಾರಿಗಳ ಪರವಾಗಿ

ಪ್ರತಿಗಳು:
ಮೂರೂ ತಾಲ್ಲೂಕುಗಳ ಅಮಲ್ದಾರರಿಗೆ.
ಅಚ್ಚುಕೂಟದ ಮೇಲ್ವಿಚಾರಕರಿಗೆ, ಮೆಚ್ಚುಗೆಯೊಂದಿಗೆ.
ಶೇಕದಾರ ರುದ್ರಯ್ಯನವರಿಗೆ, ಮೊದಲ ಊಟಕ್ಕೆ ಮುಂಚೆ ತಲುಪುವಂತೆ.
ಅವರ ಪತ್ನಿ ಗಿರಿಜಾಂಬ ಅವರಿಗೆ, ದಿನಕ್ಕೊಂದು ಹಗೇವಿನ ಲೆಕ್ಕದಲ್ಲಿ ಇನ್ನು ಹನ್ನೊಂದು ವರ್ಷ ಊಟಕ್ಕೆ ಕಾಯಬಾರದೆಂಬ ಕೋರಿಕೆಯೊಂದಿಗೆ.