ಆರಿಸಿಟ್ಟ ಕಂಪ್ಯೂಟರ್

ಅನುವಾದಕರು ಕಂಪ್ಯೂಟರಿನಲ್ಲಿ ಇಸ್ಪೀಟಾಡುತ್ತಿದ್ದಾಗ ಬಾಗಿಲ ಬಳಿ ಹೆಜ್ಜೆ ಸಪ್ಪಳವಾಯಿತು. ಹೆಂಡತಿ ಬಂದಳೆಂದುಕೊಂಡು ತಟ್ಟನೆ ಪರದೆ ಆರಿಸಿ, ಎದ್ದು ನಿಂತು ಮೈ ಮುರಿದರು. ಬಂದವರು ಹೆಂಡತಿಯಲ್ಲ, ಅವರಿದ್ದ ವಸತಿ ಕಟ್ಟಡದ ಸಂಘದ ಕಾರ್ಯದರ್ಶಿ. ವಿದ್ಯುತ್ ಉಳಿಸಿ, ಪರಿಸರ ಉಳಿಸಿ ಎಂದು ವಾರದಿಂದ ಮನೆಮನೆ ಸುತ್ತಿ, ಎಲ್ಲ ಕಡೆ ಮುಖಕ್ಕೆ ಬಾಗಿಲು ಹಾಕಿಸಿಕೊಂಡು ಬಂದಿದ್ದ ಮನುಷ್ಯ.

"ಕುರ್ಚಿಯಿಂದ ಏಳ್ತಿದ್ದ ಹಾಗೇ ಕಂಪ್ಯೂಟರ್ ಆರಿಸಿಬಿಡ್ತೀರಾ?" ಎಂದು ಕೇಳಿದರು ಕಾರ್ಯದರ್ಶಿ. ಅವರ ಕಣ್ಣು ಒದ್ದೆಯಾಗಿತ್ತು.

ಹೌದು ಎನ್ನದಿದ್ದರೆ ಇಸ್ಪೀಟಿನ ಕತೆ ಹೇಳಬೇಕಾಗುತ್ತಿತ್ತು. ಅನುವಾದಕರು ಹೌದು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದರು. ಹೊಗಳಿಕೆ ತಲೆಗೇರಿತು ನೋಡಿ, ನೀರು ಕುಡಿಯಲು ಎದ್ದರೂ ಆರಿಸುತ್ತೇನೆ, ಅದು ನನ್ನ ವ್ರತ ಎಂದುಬಿಟ್ಟರು. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು. ಬಚ್ಚಲಿನ ದೀಪ ಆರಿಸಲೂ ನೆನಪಿಲ್ಲದ ಗಂಡ ಯಾವಾಗ ವ್ರತ ಹಿಡಿದರೆಂದು ಆಕೆಗೆ ತಿಳಿಯಲಿಲ್ಲ.

ಆ ದಿನ ಅವರಿಗೆ ಎಡೆಬಿಡದೆ ಕೂತರೂ ಹೊತ್ತು ಸಾಲದಷ್ಟು ಕೆಲಸವಿತ್ತು. ಹಳೆಯ ಕಚೇರಿ ಮುಚ್ಚಿಹೋಗಿ ಕೆಲಸವಿಲ್ಲದೆ ಮನೆಯಲ್ಲಿ ಕೂತ ಮೇಲೆ ಮೊದಲ ಸಲ ಒಂದು ಕಂಪನಿ ಪರೀಕ್ಷೆಗೆಂದು ಬಟ್ಟೆ ಒಗೆಯುವ ಯಂತ್ರದ ಕೈಪಿಡಿ ಕೊಟ್ಟಿತ್ತು. ಸಂಜೆ ಐದರೊಳಗೆ ಅನುವಾದ ಮುಟ್ಟಿದರೆ ಕಾಯಂ ಕೆಲಸ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಇನ್ನೂ ಅರ್ಧ ಬಾಕಿ ಇತ್ತು.

ಕಾರ್ಯದರ್ಶಿ ಹೋದ ಸ್ವಲ್ಪ ಹೊತ್ತಿಗೇ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಇವರಿಗೂ ತೋರಿಸಿ ಎಂದರು. ಅನುವಾದಕರು ಆರಿಸಿದರು, ಎದ್ದರು, ನೀರು ಕುಡಿದರು, ಬಂದು ಕೂತರು. ಕಂಪ್ಯೂಟರ್ ಮುದಿಯಾಗಿತ್ತು. ಒಮ್ಮೆ ಆರಿದರೆ ಮತ್ತೆ ಎಚ್ಚರಗೊಳ್ಳುವಷ್ಟರಲ್ಲಿ ಅನ್ನ ಬೇಯುತ್ತಿತ್ತು. ಅದು ಎದ್ದು ಕೂರುವ ವೇಳೆಗೆ ಮುಂದಿನ ತಂಡ ಬಾಗಿಲಲ್ಲಿರುತ್ತಿತ್ತು. ಮಧ್ಯಾಹ್ನದೊಳಗೆ ಅವರು ಕುಡಿದ ನೀರಿಗೆ ಲೆಕ್ಕವಿಲ್ಲ, ಮಾಡಿದ ಅನುವಾದ ಎರಡೇ ಸಾಲು. ಅದರಲ್ಲೊಂದು, 'ಯಂತ್ರವನ್ನು ನಡುವೆ ಆರಿಸಬೇಡಿ.'

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಬರೀ ನೋಡಿ ಹೋಗುವ ಆಸಾಮಿಯಲ್ಲ. ಪರದೆಗೆ ಇಷ್ಟು ಬೆಳಕು ದಂಡ ಎಂದು ತಾವೇ ಕಡಿಮೆ ಮಾಡಿದರು. ಪ್ರಿಂಟರಿನ ಪ್ಲಗ್ ಕಿತ್ತರು. ವ್ರತಸ್ಥನಿಗೆ ಫ್ಯಾನ್ ಏಕೆಂದು ಅದನ್ನೂ ನಿಲ್ಲಿಸಿದರು. ಅನುವಾದಕರು ಬೆವರು ಸುರಿಸುತ್ತಾ, ಇಲಿಯ ಬಿಲವನ್ನು ಇಣುಕುವ ಬೆಕ್ಕಿನಂತೆ ಪರದೆಗೆ ಮೂಗು ತಾಗಿಸಿ ಅಕ್ಷರ ಹುಡುಕಿದರು.

"ನಿಜ ಹೇಳಿ ಕಳಿಸಿಬಿಡ್ರೀ. ಮರ್ಯಾದೆ ನೋಡ್ತಾ ಕೂತ್ರೆ ಈ ಕೆಲ್ಸಾನೂ ಹೋಗುತ್ತೆ," ಎಂದಳು ಹೆಂಡತಿ.

ಇಷ್ಟು ಜನ ಬಂದು ಕೈ ಕುಲುಕಿ ಹೋದ ಮೇಲೆ ನಿಜ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಕೊನೆಗೆ ಹೆಂಡತಿಯೇ ಹೊರಗೆ ಹೋಗಿ, ಮನೆಯವರು ಮಲಗಿದ್ದಾರೆ ಎಂದು ಕಾರ್ಯದರ್ಶಿಗೆ ಹೇಳಿ ಬಾಗಿಲು ಹಾಕಿಕೊಂಡಳು. ಒಂದು ಸುಳ್ಳನ್ನು ಇನ್ನೊಂದು ಸುಳ್ಳು ಕಾಯುತ್ತಾ ಕೂತಿತು. ಅನುವಾದಕರ ಬೆರಳುಗಳು ಓಡಿದವು. ಊಟವಿಲ್ಲ, ಕಾಫಿಯಿಲ್ಲ. ಐದಕ್ಕೆ ಇನ್ನೂ ಸ್ವಲ್ಪ ಸಮಯವಿರುವಾಗಲೇ ಕೊನೆಯ ಸಾಲು ಮುಗಿಯಿತು. ಖುಷಿಗೆ ಕಣ್ಣು ತುಂಬಿಬಂತು. ಕಳಿಸುವ ಗುಂಡಿಯ ಮೇಲೆ ಬೆರಳಿಡಬೇಕು, ಪರದೆ ಪೂರ್ತಿ ಕಪ್ಪಾಯಿತು.

ಕಂಪ್ಯೂಟರ್ ಕೆಟ್ಟಿತೆಂದು ಅದರ ಬೆನ್ನು ತಟ್ಟಿದರು. ದೀಪ ಹಾಕಿದರು, ಹತ್ತಲಿಲ್ಲ. ಇಡೀ ಕಟ್ಟಡದ ಸದ್ದೇ ಅಡಗಿತ್ತು. ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದರು. ಕೆಳಗೆ ಮನೆಮನೆಯವರೆಲ್ಲ ಸೇರಿದ್ದರು. ಅನುವಾದಕರನ್ನು ಕಂಡದ್ದೇ ತಡ, ಚಪ್ಪಾಳೆ ಬಿತ್ತು. ಕಾರ್ಯದರ್ಶಿಯ ಕೈ ಇನ್ನೂ ಮೇನ್ ಸ್ವಿಚ್ಚಿನ ಮೇಲೇ ಇತ್ತು.

"ನೀವು ಮಲಗಿದ್ರಿ, ನಿಮ್ಗೇನೂ ತೊಂದ್ರೆ ಆಗಲ್ಲ ಅಂತ ಈಗ್ಲೇ ಶುರು ಮಾಡಿದ್ವಿ," ಎಂದರು ಕಾರ್ಯದರ್ಶಿ. "ಇಡೀ ಕಟ್ಟಡಕ್ಕೆ ಒಂದು ಗಂಟೆ ಕರೆಂಟ್ ಬಂದ್. ಎಲ್ಲಾ ನಿಮ್ಮ ಗೌರವಕ್ಕೆ."

ಅನುವಾದಕರು ಎರಡು ಮಾತಾಡಬೇಕೆಂದು ಮೇಷ್ಟ್ರು ಒತ್ತಾಯಿಸಿದರು. ಬಾಯಿ ತೆರೆದರೆ ಏನು ಹೊರಬಿದ್ದೀತೋ ಎಂಬ ಭಯಕ್ಕೆ ಅನುವಾದಕರು ಸುಮ್ಮನೆ ಕೈ ಮುಗಿದರು. ಎಂಥ ವಿನಯ ಎಂದು ಎಲ್ಲರೂ ಕೊಂಡಾಡಿದರು. ಅಷ್ಟರಲ್ಲಿ ಐದು ಹೊಡೆಯಿತು, ಮತ್ತು ಕಾರ್ಯದರ್ಶಿ ನಾಳೆಯಿಂದ ಇದು ದಿನಾ ನಡೆಯುತ್ತದೆಂದು ಸಾರಿದರು.