ಸೀಸೆ ನುಂಗಿದ ಹೃದಯ

"ತಿಳಿಯಾಗೋವರೆಗೂ ಮುಟ್ಟಬೇಡಿ. ತಿಳಿಯಾದ ತಕ್ಷಣ ಕರೀರಿ. ಅದು ಹೋದ್ರೆ ನೀವೂ ಹೋದ ಹಾಗೆ" ಎಂದು ಡಾಕ್ಟರಮ್ಮ ಹಿಂದಿನ ಸಂಜೆ ಹೇಳಿದ್ದರು. ತಿಳಿಯಾಗಬೇಕಾದದ್ದು ಎಣ್ಣೆಯೆಂದು ಗುಮಾಸ್ತ ತಿಳಿದ. ಅಷ್ಟೇ ಅವನ ತಪ್ಪು.

ಚೌಕ ಸೀಸೆಯ ಎಣ್ಣೆಯಲ್ಲಿ ಮುಳುಗಿದ್ದುದು ಇಲಿಮರಿಯ ಹೃದಯ, ಕಾಳುಮೆಣಸಿನಷ್ಟು. ಹುಟ್ಟಿನಿಂದಲೇ ತೂತಿದ್ದ ಹೃದಯ. ಡಾಕ್ಟರಮ್ಮ ತಮ್ಮ ಹೊಸ ಮದ್ದನ್ನು ಆ ಮರಿಯೊಂದಕ್ಕೇ ಕೊಟ್ಟಿದ್ದರು. ತೂತು ಮುಚ್ಚಿತೇ ಎಂಬುದನ್ನು ಕೊಯ್ಯದೆ, ಕಾಗದದಷ್ಟು ತೆಳುವಾದ ಬೆಳಕಿನ ಹಾಳೆ ಹಾಯಿಸಿ ಪದರ ಪದರವಾಗಿ ನೋಡಬೇಕಿತ್ತು. ಕಡತಗಳ ಕೋಣೆಯಿಂದ ವಾರದ ಹಿಂದೆ ಇಲ್ಲಿಗೆ ಬಂದ ಗುಮಾಸ್ತನ ನೌಕರಿ ಖಾಯಂ ಆಗುವುದೂ ಈ ದಿನವೇ, ಅವರ ರುಜುವಿನಿಂದ.

ಬೆಳಿಗ್ಗೆ ನೋಡಿದರೆ ಸೀಸೆಯಲ್ಲಿ ಹೃದಯವಿಲ್ಲ. ಅವನ ಹೃದಯ ಮಾತ್ರ ಒನಕೆ ಬಿದ್ದಂತೆ ಕುಟ್ಟುತ್ತಿತ್ತು. ಮೇಜಿನಡಿ ತೆವಳಿದ.

"ಏನಪ್ಪಾ ಹುಡುಕ್ತಿದ್ದೀಯ, ಚಿನ್ನಾನಾ?" ಎಂದಳು ಕಸ ಗುಡಿಸುವ ಅಕ್ಕ.

"ಹೃದಯ ಅಕ್ಕಾ! ಸೀಸೆಯಿಂದ ಹೋಗಿಬಿಟ್ಟಿದೆ!"

"ಮುಚ್ಚಳ ಹಾಕಿದ ಹಾಗೇ ಇದೆಯಲ್ಲೋ! ಮುಚ್ಚಳ ತೆಗೀದೆ ಹೋಗೋದು ಪ್ರಾಣ ಒಂದೇ" ಎಂದು ಅವಳು ಪೊರಕೆಸಮೇತ ಹಿಂದೆ ಸರಿದಳು.

ಗದ್ದಲ ಕೇಳಿ ಬಂದ ಉಗ್ರಾಣದವನು ಗುಮಾಸ್ತನ ಕಿವಿಗೆ ಬಾಯಿಟ್ಟ. "ಬೆವರು ಒರೆಸ್ಕೊ ತಮ್ಮಾ. ಅದೇ ಸೂಲಿನ ಮರಿಗಳ ಹೃದಯಗಳು ನನ್ನ ಬೀರುವಲ್ಲಿವೆ, ಅದೇ ತೂತಿನವು. ಮದ್ದು ಮಾತ್ರ ಕುಡಿಸಿಲ್ಲ. ಒಂದು ಹಾಕು. ಹೃದಯದ ಮೇಲೆ ಹೆಸರು ಬರೆದಿರುತ್ತಾ?"

"ಪಾಪ ಅಲ್ವಾ?"

"ಪಾಪ ಆಮೇಲೆ ತೊಳ್ಕೊ. ಮೊದಲು ಸೀಸೆ ತುಂಬು."

ಗುಮಾಸ್ತ ದೇವರಿಗೆ ಕೈಮುಗಿದು, ಬಿಳಿಚಿದ ಹೃದಯವೊಂದನ್ನು ಎಣ್ಣೆಗೆ ಬಿಟ್ಟ. ಅಷ್ಟರಲ್ಲಿ ಹೆಂಡತಿಯ ಫೋನು.

"ಖಾಯಂ ಆಯ್ತೇನ್ರೀ? ಮಾವನವರು ಬಾಗಿಲಲ್ಲೇ ಕೂತಿದ್ದಾರೆ."

"ಆಗುತ್ತೆ ಕಣೇ" ಎನ್ನುತ್ತ ಇತ್ತ ತಿರುಗಿದ. ಹೃದಯದ ಅಂಚು ಮಂಜಿನಂತೆ ಕರಗುತ್ತಿತ್ತು. ಆಮೇಲೆ ನಡುಭಾಗ. ಗಂಟೆಯೊಳಗೆ ಅದೂ ಇಲ್ಲ!

"ಅಯ್ಯೋ, ಸೀಸೆ ನುಂಗ್ತಿದೆ ಕಣೋ!" ಅಕ್ಕ ಬಾಗಿಲಿನಿಂದಲೇ ಕಿರುಚಿದಳು.

"ಇನ್ನೊಂದು ಹಾಕು, ಅದರ ಹೊಟ್ಟೆ ತುಂಬಲಿ" ಎಂದ ಉಗ್ರಾಣದವನು. ಮೂರನೆಯದೂ ಬಿತ್ತು. ಅದೂ ಮಾಯವಾಗುವ ಹೊತ್ತಿಗೆ ಡಾಕ್ಟರಮ್ಮ ಬಂದರು, ಕೈಯಲ್ಲಿ ಖಾಯಂ ಆದೇಶ.

ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗುಮಾಸ್ತ ಕಾಲಿಗೆ ಬೀಳಲು ಬಗ್ಗಿದ.

"ಭೇಷ್! ಚೂರೂ ಕಾಣ್ತಿಲ್ಲ! ಹೃದಯ ಗಾಜಿನ ಹಾಗೆ ತಿಳಿಯಾಗಿದೆ. ಈಗ ನೋಡಿ, ಬೆಳಕು ತಡೆಯಿಲ್ದೆ ಹಾಯುತ್ತೆ."

ಗುಮಾಸ್ತನಿಗೆ ಆಗ ತಿಳಿಯಿತು. ತಿಳಿಯದಿದ್ದಾಗಿನ ಭಯವೇ ವಾಸಿಯಿತ್ತು.

ಹಸಿರು ಬೆಳಕಿನ ಹಾಳೆ ಸೀಸೆಯನ್ನು ಹೊಕ್ಕಿತು. ಪರದೆಯ ಮೇಲೆ ಪದರಕ್ಕೆ ಪದರ ಕೂಡಿ ಹೃದಯವೊಂದು ಎದ್ದು ನಿಂತಿತು. ಪಕ್ಕದಲ್ಲಿ ಇನ್ನೊಂದು. ಅದರ ಬೆನ್ನಿಗೆ ಮತ್ತೊಂದು. ಉಗ್ರಾಣದವನು ಮೆಲ್ಲಗೆ ಜಾರಿಕೊಂಡ. ಗುಮಾಸ್ತ ತೊದಲುತ್ತ ನಡೆದದ್ದೆಲ್ಲ ಒಪ್ಪಿಸಿದ.

"ಎರಡರಲ್ಲಿ ತೂತು ಮುಚ್ಚಿದೆ, ಒಂದರಲ್ಲಿಲ್ಲ" ಎಂದರು ಡಾಕ್ಟರಮ್ಮ. "ಮದ್ದಿಲ್ದೇನೂ ಒಂದು ಮುಚ್ಚಿಕೊಂಡಿದೆ. ನಾನು ಮದ್ದು ಕೊಟ್ಟದ್ದು ಯಾವುದಕ್ಕೆ?"

"ಮೊದಲು ಇದ್ದದ್ದಕ್ಕೆ, ತಾಯೀ."

"ಮೊದಲು ಇದ್ದದ್ದು ಯಾವುದು?"

ಆದೇಶ ನಾಲ್ಕು ಮಡಿಕೆಯಾಗಿ ಅವರ ಜೇಬು ಸೇರಿತು. ಗುಮಾಸ್ತ ಬೇರೆ ದಾರಿ ಕಾಣದೆ ಸೀಸೆಯನ್ನೆತ್ತಿ, ಯಾವುದಾದರೂ ಮಿಡಿಯುತ್ತದೆಯೇನೋ ಎಂದು ಕಿವಿಗೆ ಹಿಡಿದ.